ಪರಿಶೋಧಕನ ರುಜು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಲೆಕ್ಕ ಬಲ್ಲವರಿಗೆ ಎಂದೂ ಕೊರತೆಯಿದ್ದುದಿಲ್ಲ. ಹಿಂದೆ ಶಾನುಭೋಗರು ಊರಿನ ಕಂದಾಯವನ್ನೂ, ಮಂಡಿಯ ಗುಮಾಸ್ತರು ಕಡಲೆಕಾಯಿ ಹುಣಿಸೆಹಣ್ಣುಗಳ ಕಿರ್ದಿಯನ್ನೂ ಕಾಸು ತಪ್ಪದಂತೆ ಬರೆದಿಟ್ಟರು. ಹೀಗಿರಲು, ಲೆಕ್ಕ ನೋಡುವುದಕ್ಕಾಗಿ ಮಗನು ವರ್ಷಗಟ್ಟಲೆ ಓದಬೇಕೇಕೆಂದು ಮನೆಯ ಹಿರಿಯರು ಕೇಳುವುದು ಸಹಜವೇ ಸರಿ.

ಗುಮಾಸ್ತನ ಲೆಕ್ಕವನ್ನು ಧಣಿಯು ನಂಬಿದರೆ ಸಾಕು. ಪರಿಶೋಧಕನ ರುಜುವನ್ನಾದರೋ ಆ ಪುಸ್ತಕಗಳನ್ನು ಎಂದಿಗೂ ಕಾಣದವರು ನಂಬುವರು: ಷೇರು ಕೊಂಡವರು, ಸಾಲ ಕೊಟ್ಟ ಬ್ಯಾಂಕಿನವರು, ಠೇವಣಿಯಿಟ್ಟ ಬಡವರು. ಆದುದರಿಂದಲೇ ಸನ್ನದಿನ ದಾರಿ ಕಡಿದು. 1949ರ ಕಾಯಿದೆಯಂತೆ ಆ ವರ್ಷದ ಜುಲೈ 1ರಂದು ಸ್ಥಾಪಿತವಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು ಮೂರು ಮೆಟ್ಟಿಲುಗಳ ಪರೀಕ್ಷೆಯನ್ನಿಟ್ಟಿದೆ. ಪ್ರತಿ ಪತ್ರಿಕೆಯಲ್ಲಿ ನೂರಕ್ಕೆ 40, ಒಟ್ಟಿನಲ್ಲಿ 50 ಅಂಕ ಬರಲೇಬೇಕು. ಒಂದರಲ್ಲಿ ಜಾರಿದರೂ ಆ ಗುಂಪು ಕೈತಪ್ಪುವುದು. ಇದರ ಜೊತೆಗೆ, ವೃತ್ತಿಯಲ್ಲಿರುವ ಹಿರಿಯರೊಬ್ಬರ ಕೈಕೆಳಗೆ ಆರ್ಟಿಕಲ್ಸ್ ಸೇವೆ. ಮೂರು ವರ್ಷವಿದ್ದ ಈ ಸೇವೆ 2023ರ ಕ್ರಮದಲ್ಲಿ ಎರಡಕ್ಕಿಳಿಯಿತು. ಇದಕ್ಕಾಗಿ ಅನೇಕರು ತುಮಕೂರನ್ನೋ ಬೆಂಗಳೂರನ್ನೋ ಸೇರುವರು. ಬರುವ ವೇತನ ಕೊಠಡಿಯ ಬಾಡಿಗೆಗೂ ಸಾಲದೆ, ಮಳೆ ತಪ್ಪಿದ ವರ್ಷವೂ ತಂದೆ ಹಣ ಕಳುಹಿಸಬೇಕಾಗುವುದು.

ಪುಸ್ತಕವು ಕಾನೂನನ್ನು ಕಲಿಸೀತು. ರಶೀದಿಯನ್ನು ಕೇಳಿ ಪಡೆಯುವುದು, ಗೋದಾಮಿನ ಮೂಟೆಗಳನ್ನು ತಾನೇ ನಿಂತು ಎಣಿಸುವುದು, ತಾಳೆಯಾಗದುದನ್ನು ತಾಳೆಯಾಗದೆಂದು ಬರೆಯುವುದು, ಇವು ಸೇವೆಯಿಂದಲೇ ಬರತಕ್ಕವು.

ಸನ್ನದಿನೊಡನೆ ಊರಿಗೆ ಮರಳಿದವನ ಬಳಿಗೆ ಒಂದು ದಿನ ತಂದೆಯ ಸ್ನೇಹಿತರೇ ಬಂದು, “ನೀನು ನಮ್ಮ ಹುಡುಗನಲ್ಲವೇನಪ್ಪಾ, ಇದೊಂದಕ್ಕೆ ರುಜು ಹಾಕಿಬಿಡು” ಎನ್ನುವರು. ಆಗ ವಿನಯದಿಂದ ಕೈಮುಗಿದು, ಲೇಖನಿಯನ್ನು ಕೆಳಗಿಡಬಲ್ಲವನೇ ತೇರ್ಗಡೆಯಾದವನು.