ಗೃಹರಕ್ಷಣೆಗೆ ಬಂದೂಕೋ, ಎಚ್ಚರಿಕೆಯೋ?

ಸಂಸ್ಕೃತದಲ್ಲಿ ‘ಯೋಗಕ್ಷೇಮ’ವೆಂಬ ಮಾತಿರುವದು. ಇಲ್ಲದ್ದನ್ನು ಪಡೆಯುವದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವದು ಕ್ಷೇಮ. ನಮ್ಮ ಸಂಸಾರಿಗರು ಯೋಗಕ್ಕಾಗಿ ಜನ್ಮವಿಡೀ ದುಡಿಯುವರು. ಕ್ಷೇಮದ ವಿಚಾರವು ಮಾತ್ರ ನೆರೆಯಲ್ಲಿ ಕಳವಾದ ಮರುದಿನವೇ ಅವರಿಗೆ ನೆನಪಾಗುವದು.

ನಮ್ಮ ದಿಗ್ಗೇವಾಡಿಯ ಸೀಮೆಯಲ್ಲಿ ಅನೇಕ ಕುಟುಂಬಗಳು ಊರೊಳಗಿರದೆ ಕಬ್ಬಿನ ಹೊಲಗಳ ನಡುವೆ ತೋಟದ ಮನೆಗಳಲ್ಲಿ ವಾಸಿಸುವವು. ಮಕ್ಕಳು ನೌಕರಿಗಾಗಿ ಪುಣೆಗೋ ಬೆಂಗಳೂರಿಗೋ ಹೋಗಿರುವರು, ಮನೆಯಲ್ಲುಳಿದವರು ಮುದುಕರಿಬ್ಬರು. ಕಬ್ಬು ಆಳೆತ್ತರ ಬೆಳೆದ ಮೇಲೆ ಪಕ್ಕದ ಮನೆಯ ದೀಪವೂ ಕಾಣದು. ಇಂಥ ಮನೆಯ ಗೃಹಸ್ಥರೊಬ್ಬರು, ನಮ್ಮ ಹಳೆಯ ವಿದ್ಯಾರ್ಥಿಗಳು, ಇತ್ತೀಚೆಗೆ ಬಂದು, “ಗುರುಗಳೇ, ಬಂದೂಕಿನ ಲೈಸೆನ್ಸಿಗೆ ಅರ್ಜಿ ಕೊಡಬೇಕೆಂದಿರುವೆನು. ತಾವೇನನ್ನುವಿರಿ?” ಎಂದು ಕೇಳಿದರು. ಅವರ ಭಯವು ಹುಸಿಯಲ್ಲ. ಆದುದರಿಂದ ನಗದೆ, ಗದರಿಸದೆ ತೂಗಿ ನೋಡತಕ್ಕ ವಿಷಯವಿದು.

ಆಯುಧವೆಂದರೆ ನಮ್ಮ ನಾಡವರಿಗೆ ಬರಿಯ ಕಬ್ಬಿಣವಲ್ಲ. 1857ರಲ್ಲಿ ಇಂಗ್ಲಿಷರು ಹತಾರಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ಕಾದಿದರು. ಊರು ಉರಿದುಹೋಯಿತು, ಹಲವರು ಗಲ್ಲಿಗೇರಿದರು, ಅವರ ಲಾವಣಿಯು ಇಂದಿಗೂ ಉಳಿದಿರುವದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು. 2019ರಲ್ಲಿ ಅದು 2029ರ ವರೆಗೆ ಮುಂದುವರಿಯಿತು. ಆದರೆ ಹಲಗಲಿಯವರು ಕಾದಿದ್ದು ಊರಿನ ಮಾನಕ್ಕಾಗಿ. ಕೊಡವರ ಕೋವಿಯು ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತ, ಹಿರಿಯರ ಶಿಸ್ತಿನಲ್ಲಿ ಮನೆತನದಿಂದ ಮನೆತನಕ್ಕೆ ಬಂದದ್ದು. ಭಯದಿಂದ ಕೊಂಡ ಬಂದೂಕಿಗೆ ಈ ಪರಂಪರೆ ಎಲ್ಲಿಂದ ಬರಬೇಕು?

ಕಾಯಿದೆಯು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿರುವದು ನಿಜ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಕಲಮುಗಳು ಇದಕ್ಕೇ ಮೀಸಲು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದೆಂಬ ಕಟ್ಟೂ ಅದರಲ್ಲಿಯೇ ಉಂಟು. ನಿದ್ದೆಗಣ್ಣಿನಲ್ಲಿ, ಕತ್ತಲೆಯಲ್ಲಿ, ನಡುಗುವ ಕೈಯಿಂದ ಈ ಅಳತೆಯನ್ನು ಯಾರು ಮಾಡಬಲ್ಲರು? ಅಂಗಳದ ನೆರಳು ಕಳ್ಳನದೋ, ರಾತ್ರಿ ಕರೆಂಟು ಬಂದಾಗ ಮೋಟರು ಹಚ್ಚಲು ಹೊರಟ ಮಗನದೋ?

ಕೈಯಲ್ಲಿ ಹಿಡಿದು ಹೊಡೆಯುವದು ಶಸ್ತ್ರ. ಕೈಬಿಟ್ಟು ಹೋಗುವದು ಅಸ್ತ್ರ. ಬಂದೂಕು ಎರಡನೆಯ ಜಾತಿಯದು. ಮಹಾಭಾರತದಲ್ಲಿ ಅಶ್ವತ್ಥಾಮನು ಬ್ರಹ್ಮಾಸ್ತ್ರವನ್ನು ಬಿಡಬಲ್ಲವನಾದನು, ಹಿಂತೆಗೆಯಬಲ್ಲವನಾಗಲಿಲ್ಲ. ಅದು ಕೊನೆಗೆ ಗರ್ಭದ ಶಿಶುವಿನ ಮೇಲೆ ಬಿದ್ದಿತು. ಅರ್ಜುನನಾದರೋ ತನ್ನದನ್ನು ಹಿಂತೆಗೆದನು. ಗುಂಡಿನ ವಿಷಯದಲ್ಲಿ ಅರ್ಜುನನೂ ಅಶ್ವತ್ಥಾಮನೇ.

ಇನ್ನೊಂದು ಸಂಕಟ. ಬಂದೂಕನ್ನು ಬೀಗದಲ್ಲಿಟ್ಟು ತೋಟಾಗಳನ್ನು ಬೇರೆ ಕಡೆ ಇಟ್ಟರೆ, ಕಳ್ಳ ಬಂದ ಗಳಿಗೆಗೆ ಅದು ಕೈಗೆ ಸಿಗದು. ತುಂಬಿ ತಲೆದಿಂಬಿನ ಬಳಿ ಇಟ್ಟರೆ ಮೊಮ್ಮಗನ ಕೈಗೆ ಸಿಗುವದು. ಮಗುವಿನ ಕುತೂಹಲ, ಅಣ್ಣತಮ್ಮಂದಿರ ಬದುವಿನ ಜಗಳ, ಸಾಲದಿಂದ ಮನಸ್ಸು ಕಂಗೆಟ್ಟ ರಾತ್ರಿ, ಇವು ಕಳ್ಳನಂತೆ ಹೊರಗಿನಿಂದ ಬರತಕ್ಕವಲ್ಲ. ಅನೇಕ ಮನೆಗಳಲ್ಲಿ ಬಂದೂಕಿರುವ ಅಮೇರಿಕದಲ್ಲಿ ಗುಂಡಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕಾವಲಿಗೆ ತಂದುದು ಮನೆಯವರನ್ನೇ ಕೊಂಡೊಯ್ಯುವದು.

ಇನ್ನು ನಮ್ಮ ಹೊಸ್ತಿಲಿಗೆ ನಿಜವಾಗಿ ಬರುವ ಆಪತ್ತುಗಳನ್ನು ಎಣಿಸಿರಿ. 2019ರ ಆಗಸ್ಟಿನಲ್ಲಿ ಕೃಷ್ಣೆಯ ದಂಡೆಯ ಊರುಗಳಿಗೆ ನುಗ್ಗಿದ್ದು ದರೋಡೆಕೋರರಲ್ಲ, ಮಹಾಪೂರ. ಕಬ್ಬಿನಿಂದ ಅಂಗಳಕ್ಕೆ ಹರಿಯುವದು ಹಾವು. ಅಡಿಗೆಮನೆಯಲ್ಲಿರುವದು 14.2 ಕಿಲೋ ಗ್ಯಾಸಿನ ಸಿಲಿಂಡರು. ಬಾವಿಯ ಬಳಿಯಲ್ಲಿರುವದು ಹಳೆಯ ವಾಯರಿನ ಮೋಟರು. ಇವುಗಳ ಮೇಲೆ ಗುಂಡು ಹಾರಿಸಲಾದೀತೇ?

ಇವಕ್ಕೆ ಉಪಾಯವು ಅಗ್ಗವಾದುದು. ಉತಾರ, ಪಾಸಬುಕ್ಕುಗಳನ್ನು ನೀರು ತಾಗದ ಚೀಲದಲ್ಲಿ ಎತ್ತರಕ್ಕಿಡಬೇಕು. ಹಾವು ಕಚ್ಚಿದರೆ ಕೊಯ್ಯದೆ, ಬಿಗಿದು ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ವಿಷಹಾರಿ ಚುಚ್ಚುಮದ್ದಿರುವ ದವಾಖಾನೆಗೆ ನೇರವಾಗಿ ಒಯ್ಯಬೇಕು; ಅಂಥ ದವಾಖಾನೆ ಯಾವದೆಂದು ಇಂದೇ ವಿಚಾರಿಸಿಡಬೇಕು. ಗ್ಯಾಸಿನ ವಾಸನೆ ಬಂದರೆ ದೀಪದ ಗುಂಡಿಯನ್ನು ಮುಟ್ಟದೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆಯಬೇಕು. ಅದು ಗಾಳಿಗಿಂತ ಭಾರವಾದುದರಿಂದ ನೆಲದಲ್ಲಿಯೇ ನಿಲ್ಲುವದು. ಮೋಟರಿಗೆ ಅರ್ಥಿಂಗ್ ಇರಬೇಕು. 112 ಎಂಬ ಅಂಕಿಯು ಅಜ್ಜಿಗೂ ಮೊಮ್ಮಗಳಿಗೂ ಬಾಯಿಪಾಠವಾಗಿರಬೇಕು.

ಕಳ್ಳನಿಗೂ ಈ ಎಚ್ಚರಿಕೆಯೇ ಮದ್ದು. ಗಟ್ಟಿಯಾದ ಅಗಳಿ, ಅಂಗಳದಲ್ಲಿ ದೀಪ, ಬೊಗಳುವ ನಾಯಿ, ಮನೆಯಲ್ಲಿ ಬಂಗಾರವನ್ನಿಡದ ರೂಢಿ, ಒಂದು ಕೂಗಿಗೆ ನಾಲ್ಕು ತೋಟದವರು ಓಡಿಬರುವ ಒಡಂಬಡಿಕೆ ಇದ್ದರೆ ಕಳ್ಳನು ಬಾಗಿಲಿಗೆ ಬರುವ ಮೊದಲೇ ಹಿಂದಿರುಗುವನು. ಬಂದೂಕು ಬಂದ ದಿನದಿಂದ ನೆರೆಯವನು ರಾತ್ರಿ ನಮ್ಮ ಅಂಗಳಕ್ಕೆ ಕಾಲಿಡಲು ಅಂಜುವನು; ಆಗ ನಮ್ಮ ದೊಡ್ಡ ಕಾವಲು ನಾವೇ ಕಳೆದುಕೊಂಡಂತಾಗುವದು.

ನಿಜವಾದ ಬೆದರಿಕೆಯಿದ್ದವರು ಕಾಯಿದೆಯಂತೆ ಅರ್ಜಿ ಕೊಡಲಿ, ತರಬೇತಿ ಪಡೆಯಲಿ. ಅವರನ್ನು ನಾವು ತಡೆಯೆವು. ಉಳಿದ ಗೃಹಸ್ಥರು ಆ ಹಣದಲ್ಲಿ ಮೊದಲು ವಾಯರು, ಅಗಳಿ, ಗ್ಯಾಸಿನ ನಳಿಗೆಗಳನ್ನು ಹೊಸದು ಮಾಡಿಸಲಿ. ಸಂಜೆ ಎರಡು ಹೆಜ್ಜೆ ನಡೆದು ನೆರೆಯವರ ಕುಶಲವನ್ನು ಕೇಳಿಬರಲಿ.