ನಮ್ಮ ಒಸಾನೊ

ಆಫ್ರಿಕಾದ ಫುಟ್‌ಬಾಲ್ ಆಟಗಾರರೆಂದರೆ ಮಸ್ಕತ್‌ನ ನಮ್ಮ ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರು ಸಲಾಹ್. ನಮ್ಮ ವಯಸ್ಸಿನವರು ದ್ರೋಗ್ಬಾ, ಎಟೋ ಎನ್ನುತ್ತೇವೆ. ನನಗೆ ಮಾತ್ರ ನೆನಪಾಗುವುದು ಅಷ್ಟೇನೂ ದೊಡ್ಡ ಹೆಸರಲ್ಲದ ಕರ್ಟಿಸ್ ಒಸಾನೊ.

ಒಸಾನೊ ಹುಟ್ಟಿದ್ದು 1987ರಲ್ಲಿ, ಕೀನ್ಯಾದಲ್ಲಿ. ಬೆಳೆದದ್ದು ಇಂಗ್ಲೆಂಡಿನಲ್ಲಿ. ರೀಡಿಂಗ್ ಕ್ಲಬ್ಬಿನಲ್ಲಿ ಪಳಗಿ, ರಷ್ಡನ್, ಲೂಟನ್, ವಿಂಬಲ್ಡನ್ ಎಂದು ಕೆಳದರ್ಜೆಯ ಲೀಗುಗಳಲ್ಲಿ ಆಡಿದ. ದೇಶದ ತಂಡದ ಪ್ರಶ್ನೆ ಬಂದಾಗ ಆಡಿದ್ದು ಕೀನ್ಯಾ ಪರ. 2013ರಲ್ಲಿ ಆಗತಾನೇ ಹುಟ್ಟಿದ್ದ ಬೆಂಗಳೂರು ಎಫ್‌ಸಿಗೆ ಬಂದ. ಭಾರತದಲ್ಲಿ ಹೆಸರು ಮಾಡಿದ ಚೀಮಾ ಒಕೋರಿ, ರಾಂಟಿ ಮಾರ್ಟಿನ್ಸ್, ಒಡಾಫಾ ಒಕೋಲಿ ಎಲ್ಲರೂ ಗೋಲು ಹೊಡೆಯುವವರು. ಒಸಾನೊ ತಡೆಯುವವನು. ತಡೆಯುವವನಿಗೆ ಅಭಿಮಾನಿಗಳು ಸಿಗುವುದು ಕಷ್ಟ, ಆದರೂ ಸಿಕ್ಕರು. ಇಂಗ್ಲೆಂಡಿನ ಜಾನ್ ಜಾನ್ಸನ್ ಜೊತೆ ಆತ ಹಿಂದೆ ನಿಂತಿದ್ದ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015ರ ಜನವರಿಯಲ್ಲಿ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್.

ನನ್ನ ತಮ್ಮನ ಮನೆ ಬೆಂಗಳೂರಿನಲ್ಲಿದೆ. ಫೋನ್ ಮಾಡಿದಾಗಲೆಲ್ಲ ಅವನ ಮಗ, "ದೊಡ್ಡಪ್ಪಾ, ನಮ್ಮ ಒಸಾನೊ ಇವತ್ತು ಒಬ್ಬರನ್ನೂ ಬಿಡಲಿಲ್ಲ" ಎನ್ನುತ್ತಿದ್ದ. ಆ "ನಮ್ಮ" ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು. ಒಪ್ಪಂದ ಇರುವವರೆಗೆ ಇದ್ದು, ಮುಗಿದ ಮೇಲೆ ಹೊರಡುವವನು ಒಸಾನೊ. ಒಮಾನಿನಲ್ಲಿ ನಮ್ಮ ಬದುಕೂ ಅದೇ ಅಲ್ಲವೇ? ಇಷ್ಟು ವರ್ಷವಾದರೂ ನಮಗೆ ವೀಸಾದ ತಾರೀಕು ನೆನಪಿರುತ್ತದೆ.

2015ರ ಬೇಸಿಗೆ ರಜೆಗೆ ಊರಿಗೆ ಹೋದೆವು. ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಗಾನ್ ಜೊತೆ 1-1 ಡ್ರಾ ಆಗಿ ಬೆಂಗಳೂರಿಗೆ ಐ-ಲೀಗ್ ಕೈತಪ್ಪಿತ್ತು. ಸಮ ಮಾಡಿದ ಗೋಲು ನೈಜೀರಿಯಾದ ಬೆಲ್ಲೊ ರಝಾಕ್‌ನದು. ತಮ್ಮನ ಮಗನ ಮುಖ ಇನ್ನೂ ಊದಿಕೊಂಡೇ ಇತ್ತು. ಜೂನ್ 11ರಂದು ಅದೇ ಕಂಠೀರವದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ: ಭಾರತ, ಒಮಾನ್. ಎಲ್ಲರೂ ಹೋದೆವು. ಮೊದಲ ನಿಮಿಷದಲ್ಲೇ ಒಮಾನಿನ ಕಾಸಿಂ ಸಯೀದ್ ಗೋಲು ಹೊಡೆದಾಗ, ಮಸ್ಕತ್‌ನಲ್ಲೇ ಹುಟ್ಟಿದ ನನ್ನ ಮಗ ಎದ್ದು ಕುಣಿದುಬಿಟ್ಟ! ಸುತ್ತಲಿನವರೆಲ್ಲ ತಿರುಗಿ ನೋಡಿದರು.

"ನೀನು ಯಾರ ಕಡೆಯೋ?" ಎಂದು ಅಣ್ಣ ಸಿಡುಕಿದ.

"ಒಸಾನೊ ನಿಮ್ಮೋನಾದ್ರೆ ಒಮಾನ್ ನಮ್ದಲ್ವಾ?"

ಉತ್ತರ ಹೇಳಲು ಯಾರಿಗೂ ಹೊಳೆಯಲಿಲ್ಲ. ಚೆಟ್ರಿ ಸಮ ಮಾಡಿದಾಗಲೂ ಅವನು ಅಷ್ಟೇ ಜೋರಾಗಿ ಕುಣಿದ. ಕೊನೆಗೆ ಒಮಾನ್ 2-1ರಿಂದ ಗೆದ್ದಿತು. ಮನೆಗೆ ಬರುವ ದಾರಿಯಲ್ಲಿ ಇಬ್ಬರಿಗೂ ಮಾತಿಲ್ಲ. ಮರುದಿನ ಬೆಳಿಗ್ಗೆ ದೋಸೆ ತಿನ್ನುವಾಗ ಮತ್ತೆ ಶುರುವಾಯಿತು.

2016ರಲ್ಲಿ ಒಸಾನೊ ಬೆಂಗಳೂರು ಬಿಟ್ಟ. ಅದೇ ನವೆಂಬರಿನಲ್ಲಿ ದೋಹಾದಲ್ಲಿ ನಡೆದ ಎಎಫ್‌ಸಿ ಕಪ್ ಫೈನಲ್‌ನಲ್ಲಿ ಬೆಂಗಳೂರು ಇರಾಕಿನ ವಾಯುಪಡೆ ತಂಡಕ್ಕೆ 1-0ಯಿಂದ ಸೋತಿತು. "ಒಸಾನೊ ಇದ್ದಿದ್ರೆ ಆ ಗೋಲು ಆಗ್ತಾನೇ ಇರ್ಲಿಲ್ಲ ದೊಡ್ಡಪ್ಪಾ" ಎಂದು ತಮ್ಮನ ಮಗ ಫೋನಿನಲ್ಲಿ ಸಾಧಿಸಿದ. ಆ ಗೋಲು ಹೊಡೆದ ಹಮ್ಮಾದಿ ಅಹ್ಮದ್ ಆ ಟೂರ್ನಿಯೊಂದರಲ್ಲೇ 16 ಗೋಲು ಹೊಡೆದಿದ್ದ. ನಾನು ಅದನ್ನು ಹೇಳಲು ಹೋಗಲಿಲ್ಲ.