ಹೆಸರಿಲ್ಲದ ಕಲ್ಲಿಗೊಂದು ದೀಪ

ಪಡುಗಡಲನ್ನು ಎಡಕ್ಕಿಟ್ಟುಕೊಂಡು ತೆಂಕಣದಿಂದ ಬಡಗಣಕ್ಕೆ ಹೊರಟ ಪ್ರವಾಸಿಗನಿಗೆ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಊರುಗಳು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ತೋರುತ್ತವೆ. ಆ ದಾರವೇ ರಾಷ್ಟ್ರೀಯ ಹೆದ್ದಾರಿ 66. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಕುಮಟೆಗೆ ಸುಮಾರು 20. ಮುರ್ಡೇಶ್ವರದ ಗೋಪುರವನ್ನೂ ಶರಾವತಿಯ ಅಳಿವೆಯನ್ನೂ ಕಂಡು ತಣಿದ ಕಣ್ಣಿಗೆ, ಹಾದಿಬದಿಯ ಪೊದೆಗಳಲ್ಲಿ ಅರ್ಧ ಹೂತು ನಿಂತ ವೀರಗಲ್ಲುಗಳು ಕಾಣುವುದು ಅಪರೂಪ. ಅವುಗಳನ್ನು ಬಲ್ಲವರು ಅಲ್ಲಿಯೇ ಬಾಳುವವರು. ಶರಾವತಿಯ ದಂಡೆಯ ಹಳ್ಳಿಯೊಂದರಲ್ಲಿರುವ, ಎಪ್ಪತ್ತು ದಾಟಿದ ಒಬ್ಬ ವಿಧವೆ ಅಂಥವರಲ್ಲೊಬ್ಬಳು.

ಆಕೆಯ ಪತಿ ಸೈನ್ಯದಲ್ಲಿದ್ದವನು. ನಿವೃತ್ತನಾಗಿ ಊರಿಗೆ ಬಂದು, ತೋಟ ನೋಡಿಕೊಂಡಿದ್ದು, ಮನೆಯ ಜಗಲಿಯಲ್ಲಿಯೇ ಕಣ್ಣುಮುಚ್ಚಿದ. ಅವನ ಬೂದಿಯನ್ನು ನದಿಯು ಕಡಲನ್ನು ಕೂಡುವಲ್ಲಿ ಬಿಟ್ಟರು. ರಣರಂಗದಲ್ಲಿ ಮಡಿದವರ ಹೆಸರುಗಳನ್ನು 2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಗಳಲ್ಲಿ ಕೆತ್ತಿದ್ದಾರೆ. ಹಾಸಿಗೆಯಲ್ಲಿ ಸತ್ತ ಸಿಪಾಯಿಗೆ ಅಲ್ಲಿ ಸ್ಥಳವಿಲ್ಲ; ಸಮಾಧಿಯಂತೂ ಇಲ್ಲವೇ ಇಲ್ಲ. ಆದ್ದರಿಂದ ಆಕೆ ತೋಟದ ದಾರಿಯಲ್ಲಿನ ವೀರಗಲ್ಲಿಗೆ ಕಾರ್ತಿಕದ ಪ್ರತಿ ಸೋಮವಾರ ದೀಪವಿಡುತ್ತಾಳೆ. ಆ ಕಲ್ಲಿನಲ್ಲಿ ಮೂರು ನೆಲೆಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಅಕ್ಷರ ಒಂದೂ ಇಲ್ಲ.

ಈ ಸಲದ ಸೋಮವಾರ ಬೆಳಿಗ್ಗೆ ಆಕೆ ಹೊನ್ನಾವರದ ತಾಲೂಕು ಆಸ್ಪತ್ರೆಯ ಸಾಲಿನಲ್ಲಿದ್ದಳು. ರಕ್ತದೊತ್ತಡದ ಗುಳಿಗೆ, ಸಕ್ಕರೆಯ ಗುಳಿಗೆ. ಇದು ತಿಂಗಳ ವಾಡಿಕೆ. ಆದರೆ ಈ ದಿನ ವೈದ್ಯರು ಎದೆಯ ಬಡಿತವನ್ನು ಎರಡು ಬಾರಿ ಆಲಿಸಿ, ಮಣಿಪಾಲಕ್ಕೆ ಹೋಗಿ ಹೃದಯವನ್ನು ಪರೀಕ್ಷಿಸಿಕೊಳ್ಳಬೇಕೆಂದು ಚೀಟಿ ಬರೆದರು. ಸಿಕ್ಕಿದ ದಿನ ಮುಂದಿನ ಸೋಮವಾರ.

ಹೊನ್ನಾವರವು ಸೈನಿಕರ ಸಾವನ್ನು ಬಹಳ ಕಂಡ ಊರು. 1783ರಿಂದ ಮರುವರ್ಷದವರೆಗೆ ಟಿಪ್ಪುವಿನ ಸೇನೆ ಇಲ್ಲಿನ ಕೋಟೆಯನ್ನು ಮುತ್ತಿದಾಗ, ಒಳಗೆ ಸಿಕ್ಕಿಕೊಂಡ ಕ್ಯಾಪ್ಟನ್ ಟೊರಿಯಾನೋವಿನ ದಂಡಿನಲ್ಲಿ ಹಸಿವು, ರೋಗಗಳೂ ಗುಂಡಿನಂತೆಯೇ ಜನರನ್ನು ಬಲಿತೆಗೆದುಕೊಂಡವು. ಊರಿನ ಹೊರಗೆ ಆಂಗ್ಲ ಸೇನಾಧಿಕಾರಿ ಹಿಲ್ ಎಂಬವನ ನೆನಪಿನ ಸ್ತಂಭವಿದೆ. ಜನ ಅದನ್ನು ಕರ್ನಲ್ ಕಂಬವೆನ್ನುತ್ತಾರೆ.

ಬುಧವಾರ ಕುಮಟೆಗೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ತೋರಿಸಿಕೊಳ್ಳುವ ದಿನ ಅದು. ಘಟ್ಟದ ಮೇಲಿನ ಹತ್ತಿ ಒಂದು ಕಾಲದಲ್ಲಿ ಈ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಧಾರವಾಡದ ಕಡೆಯ ಹತ್ತಿಗೇ ಕುಮಟಾ ಹತ್ತಿ ಎಂಬ ಹೆಸರು ಬಿದ್ದಿತ್ತು. ಈಗ ಬಸ್ ನಿಲ್ದಾಣದಲ್ಲಿ ಇಳಿಯುವವರಲ್ಲಿ ಔಷಧದ ಚೀಲ ಹಿಡಿದ ಮುದುಕ ಮುದುಕಿಯರು ಎದ್ದು ಕಾಣುತ್ತಾರೆ. ಕಣ್ಣು ಚೆನ್ನಾಗಿದೆಯೆಂದು ವೈದ್ಯರು ಹೇಳಿದರು. ಹಿಂದಿರುಗುವಾಗ ಆಕೆ ಕಿಟಕಿಯ ಬಳಿ ಕುಳಿತು ಅಂಗಡಿಗಳ ಫಲಕಗಳನ್ನು ಒಂದೊಂದಾಗಿ ಓದಿದಳು.

ಗುರುವಾರ ಬ್ಯಾಂಕಿಗೆ. ಕುಟುಂಬ ನಿವೃತ್ತಿವೇತನ ಪಡೆಯುವವರು ಪ್ರತಿ ವರ್ಷ ನವೆಂಬರಿನಲ್ಲಿ ತಾವು ಬದುಕಿರುವುದಕ್ಕೆ ಪ್ರಮಾಣ ಕೊಡಬೇಕು. ಅಡಕೆ ಸುಲಿದು ಸವೆದ ಹೆಬ್ಬೆರಳನ್ನು ಯಂತ್ರವು ಮೂರು ಸಲ ಒಪ್ಪಲಿಲ್ಲ. ನಾಲ್ಕನೆಯ ಸಲ ಒಪ್ಪಿತು.

ಶುಕ್ರವಾರ ಮೊಣಕಾಲಿನ ನೋವಿಗಾಗಿ ಭಟ್ಕಳಕ್ಕೆ. ಅಲ್ಲಿ ತಂಗಿಯ ಮನೆಯೂ ಇದೆ. ಭಟ್ಕಳದಲ್ಲಿ ಸತ್ತವರ ಗುರುತುಗಳು ಹಲವು ಬಗೆಯವು. 1637ರಲ್ಲಿ ಮೆಣಸಿನಾಸೆಗೆ ಬಂದಿಳಿದ ಆಂಗ್ಲರ ಸಮಾಧಿಗಳನ್ನು 1883ರ ಮುಂಬಯಿ ಗ್ಯಾಸೆಟಿಯರ್ ದಾಖಲಿಸಿದೆ. ಅವುಗಳಲ್ಲೊಂದು 1638ರಲ್ಲಿ ತೀರಿಕೊಂಡ ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯನದು. ಪರರ ರೋಗಕ್ಕೆ ಮದ್ದು ಮಾಡಲು ಬಂದವನೂ ಈ ಮಣ್ಣಿನಲ್ಲಿಯೇ ಮಲಗಿದ.

ಈ ಸೀಮೆಯ ವೀರಗಲ್ಲುಗಳ ನೆರೆಯಲ್ಲಿ ಮಾಸ್ತಿಕಲ್ಲುಗಳೂ ಇರುವುದುಂಟು: ಬಳೆ ತೊಟ್ಟು ಮೇಲೆತ್ತಿದ ತೋಳು, ಬೆರಳುಗಳ ನಡುವೆ ನಿಂಬೆಹಣ್ಣು. ಗಂಡನ ಚಿತೆಯೇರಿದವಳ ಗುರುತು ಅದು. ಸತಿಪದ್ಧತಿ 1829ರಲ್ಲಿ ಬಂಗಾಳದಲ್ಲಿಯೂ ಮರುವರ್ಷ, ಆಗ ಕೆನರಾ ಸೇರಿದ್ದ ಮದರಾಸು ಪ್ರಾಂತದಲ್ಲಿಯೂ ನಿಷಿದ್ಧವಾಯಿತು. ಮಡಿದವನಿಗೆ ಕಲ್ಲು ನಿಂತಿತು, ಅವನೊಡನೆ ಉರಿದವಳಿಗೂ ನಿಂತಿತು. ಉಳಿದು, ಮಕ್ಕಳನ್ನು ಸಾಕಿ, ಮುಪ್ಪನ್ನು ಹೊತ್ತು ನಡೆದವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅವಳಿಗೆ ಬೇಕಾದುದು ಕಲ್ಲಲ್ಲ, ಹತ್ತಿರದಲ್ಲೊಂದು ಆಸ್ಪತ್ರೆ.

ಆ ಮಾತು ತಂಗಿಯ ಮನೆಯಲ್ಲಿಯೂ ಬಂತು. ಹೃದಯ, ಮೆದುಳುಗಳ ಕಠಿಣ ಕಾಯಿಲೆಯೆಂದರೆ ಉತ್ತರ ಕನ್ನಡದವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಗಳ ದಾರಿ ಹಿಡಿಯುವುದು ರೂಢಿಯಾಗಿದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆಗೆ ಧಾವಿಸುತ್ತಿದ್ದ ಆಂಬುಲೆನ್ಸು ಶಿರೂರಿನ ಸುಂಕದ ಕಟ್ಟೆಯಲ್ಲಿ ಮಗುಚಿ ನಾಲ್ವರು ಮೃತಪಟ್ಟರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಅಂದು ಮತ್ತೊಮ್ಮೆ ಗಟ್ಟಿಯಾಗಿ ಎದ್ದಿತು.

"ಅಕ್ಕಾ, ಸೋಮವಾರ ತಪ್ಪಿಸಬೇಡ," ಎಂದಳು ತಂಗಿ.

"ಕಾರ್ತಿಕದ ಕಡೇ ಸೋಮವಾರ ಕಣೇ. ದೀಪ?"

"ದೀಪ ಹಚ್ಚಲಿಕ್ಕೆ ನೀನು ಇರಬೇಕಲ್ಲ!"

ಆಕೆ ಉತ್ತರಿಸಲಿಲ್ಲ. ಬರುವಾಗ ಒಂದು ಮೊಳ ಭಟ್ಕಳ ಮಲ್ಲಿಗೆ ಕೊಂಡುತಂದಳು.

ಶನಿವಾರವೆಲ್ಲ ಯೋಚನೆಯಲ್ಲಿ ಕಳೆಯಿತು. ಭಾನುವಾರ ಸಂಜೆ ಎಣ್ಣೆಯ ಕುಡಿಕೆ, ಬತ್ತಿ, ಬಾಳೆಲೆಯಲ್ಲಿ ಸುತ್ತಿಟ್ಟ ಹೂ ಹಿಡಿದು ನೆರೆಮನೆಯ ಹುಡುಗಿಯನ್ನು ಕಲ್ಲಿನ ಬಳಿಗೆ ಕರೆದೊಯ್ದಳು. ಪಾಚಿಯನ್ನು ಕೈಯಿಂದ ಒರೆಸಿ, ದೀಪವಿಡುವ ತಾಣ ತೋರಿಸಿದಳು.

"ಅಜ್ಜೀ, ಇದು ಯಾರ ಕಲ್ಲು?"

"ಹೆಸರು ಗೊತ್ತಿಲ್ಲ ತಂಗೀ. ಯಾರದೋ ಮನೆಯವನು. ಕಾಯುತ್ತ ಕೂತವಳು ಒಬ್ಬಳು ಇದ್ದಿರಬೇಕು."

ಸೋಮವಾರ ನಸುಕಿನಲ್ಲಿ ಆಕೆ ತಮ್ಮನ ಮಗನೊಡನೆ ಹೊನ್ನಾವರದಲ್ಲಿ ತೆಂಕಣದ ಬಸ್ಸು ಹತ್ತಿದಳು. ಶರಾವತಿಯ ಸೇತುವೆ ದಾಟುವಾಗ, ಬೂದಿ ಬಿಟ್ಟ ಅಳಿವೆಯ ಕಡೆಗೆ ತಿರುಗಿ ಕೈಮುಗಿದಳು. ವೈದ್ಯರ ಚೀಟಿ ಮಡಿಲಿನಲ್ಲಿತ್ತು.

ಅಂದು ಮುಸ್ಸಂಜೆ ತೋಟದ ದಾರಿಯಲ್ಲಿ ಎಂದಿನ ಹೊತ್ತಿಗೇ ದೀಪ ಉರಿಯಿತು. ಹುಡುಗಿ ಎಣ್ಣೆಯನ್ನು ತುಸು ಹೆಚ್ಚೇ ಹಾಕಿದ್ದಳು.